ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ

14 ಅಕ್ಟೋಬರ್ 2025ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅವಧಿ ವಿಸ್ತರಣೆ ಪಡೆದವರ ಮಾತು ಬೇರೆ. ಉಳಿದವರಿಗೆ ರಕ್ಷಣೆಯ ತಿದ್ದುಪಡಿಗಳು ನಿಂತುಹೋದವು. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಯಂತ್ರಗಳಲ್ಲಿ ಅನೇಕವು ಅದಕ್ಕೆ ಸಲ್ಲವು. ಅಂಗಡಿಯವರು "ಹೊಸದು ಕೊಳ್ಳಿ" ಎನ್ನುತ್ತಾರೆ. ಚೀಟಿ ಎತ್ತಿ ಮಕ್ಕಳ ಓದಿಗೆಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು ತಂದ ಕಾರ್ಮಿಕನು ಮತ್ತೆ ಹಣವನ್ನು ಎಲ್ಲಿಂದ ತರಬೇಕು?

ತರಬೇಕಾಗಿಲ್ಲ ಎಂದೇ ನಮ್ಮ ಅಭಿಪ್ರಾಯ. ಲಿನಕ್ಸ್ ಇದೆ. ಇದರ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದನು. ಅಂದಿನಿಂದ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ್ದಾರೆ. ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಊಟದ ಜೊತೆಗೆ ಮಸಾಲೆಯ ಲೆಕ್ಕವನ್ನೂ ಕೊಡುತ್ತಾರೆ. ಕಲಿತವನು ಮಾಡಿ ಇತರರಿಗೆ ಬಡಿಸಬಹುದು. ಪ್ರತಿ ಮಾಡಿ ಹಂಚುವುದು ಕಳ್ಳತನವಲ್ಲ, ಅದು ನಮಗೆ ಕೊಟ್ಟಿರುವ ಹಕ್ಕು.

ಆದರೆ ಬಂಧುಗಳೇ, ಬೆಲೆಯಿಲ್ಲದ ವಸ್ತುವಿಗೂ ಸಾಗಾಣಿಕೆಯ ಖರ್ಚುಂಟು. ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ, ಎಲ್ಲರಿಗೂ ಮೊಬೈಲಿನ ಪ್ಯಾಕೇ ಗತಿ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 3 ಜಿ.ಬಿ. ಇಳಿಸಲು ಸುಮಾರು 7 ಗಂಟೆ ಬೇಕು. ಆದುದರಿಂದ ಲಿನಕ್ಸಿನ ಹಲವು ಬಗೆಗಳಲ್ಲಿ ಒಂದನ್ನು ಆರಿಸುವಾಗ ಅಂದಚಂದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಬೇಕು: ಎಷ್ಟು ವರ್ಷ ಬೆಂಬಲವುಂಟು? ತಿಂಗಳಿಗೆ ಎಷ್ಟು ಇಳಿಸಬೇಕು?

ಆರ್ಚ್‌ನಂಥ ಬಗೆಗಳಲ್ಲಿ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ. ವೇಗದ ಲೈನಿರುವವರಿಗೆ ಅದು ಸೊಗಸು. ನಮಗೆ ತೀರದ ಸಾಲ. ಡೆಬಿಯನ್ ಹಾಗಲ್ಲ. 1993ರಲ್ಲಿ ಆರಂಭವಾದ ಇದರ ಸ್ಥಿರ ಆವೃತ್ತಿಯಲ್ಲಿ ಮುಖ್ಯವಾಗಿ ದೋಷಗಳ ತಿದ್ದುಪಡಿಯಷ್ಟೇ ಬರುತ್ತದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ಕ್ಕೆ ದೀರ್ಘಾವಧಿಯ ಬೆಂಬಲವೂ ಸೇರಿ ಸುಮಾರು 5 ವರ್ಷದ ಆಯುಷ್ಯ. ಉಬುಂಟುವಿನ ಎಲ್.ಟಿ.ಎಸ್. ಆವೃತ್ತಿಗೂ 5 ವರ್ಷವೇ. ಯಂತ್ರದ ಮೆಮರಿ ಕಡಮೆಯಿದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರದೆಯನ್ನು ಆರಿಸಿರಿ.

ಚಿಕ್ಕ ಫೈಲು ಕಂಡು ಮೋಸಹೋಗಬೇಡಿ. ಡೆಬಿಯನ್ನಿನ ನೆಟ್‌ಇನ್‌ಸ್ಟ್ 1 ಜಿ.ಬಿ.ಗಿಂತ ಕಡಮೆ ನಿಜ. ಉಳಿದುದೆಲ್ಲವನ್ನು ಅದು ಹಾಕುವ ಹೊತ್ತಿನಲ್ಲೇ ಇಳಿಸುತ್ತದೆ, ನಡುವೆ ಲೈನು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕಿಂತ ಸುಮಾರು 3 ಜಿ.ಬಿ.ಯ ಲೈವ್ ಫೈಲನ್ನು ಟೊರೆಂಟಿನಿಂದ ತರುವುದು ಲೇಸು. ತುಂಡಾದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪೆನ್‌ಡ್ರೈವಿಗೆ ಹಾಕಿದರೆ, ಯಂತ್ರದಲ್ಲಿ ಸ್ಥಾಪಿಸುವ ಮೊದಲೇ ನಡೆಸಿ ನೋಡಬಹುದು. ಮನೆಯ ಫೋಟೋ, ಕಾಗದಪತ್ರಗಳ ಪ್ರತಿಯನ್ನು ಬೇರೆಡೆ ಇಟ್ಟಲ್ಲದೆ ಸ್ಥಾಪನೆಗೆ ಕೈಹಚ್ಚಬೇಡಿ. ಮಕ್ಕಳ ಕಾಲೇಜಿನ ಕೆಲಸಕ್ಕೆ ವಿಂಡೋಸೇ ಬೇಕೇ ಎಂದೂ ಮುಂಚೆಯೇ ವಿಚಾರಿಸಿರಿ.

ಹಾಕಿದ ಮೇಲೆ "ನೆಟ್ಟು ಖರ್ಚಾಗುತ್ತದೆ" ಎಂದು ತಿದ್ದುಪಡಿಗಳನ್ನು ನಿಲ್ಲಿಸುವವರುಂಟು. ಇದು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಸಂಬಳ ಇಟ್ಟಂತೆ. ಬ್ಯಾಂಕು, ಪ್ರಾವಿಡೆಂಟ್ ಫಂಡು ಎಲ್ಲವೂ ಇಂದು ಅದೇ ಯಂತ್ರದ ಮೂಲಕ ನಡೆಯುತ್ತಿವೆ. ಡೆಬಿಯನ್, ಉಬುಂಟುಗಳಲ್ಲಿ ತಿದ್ದುಪಡಿಗಳನ್ನು ಇಳಿಸಿ ಮಾತ್ರ ಇಟ್ಟುಕೊಂಡು, ಆಮೇಲೆ ಹಾಕುವ ಸೌಕರ್ಯವಿದೆ. ಹೋಟೆಲಿನ ಬಾಗಿಲು ಹಾಕಿದ ಮೇಲೆ, ರಾತ್ರಿ ಲೈನು ಬಿಡುವಾಗಿರುವಾಗ ಇಳಿಸಿರಿ. ರಜೆಯ ದಿನ ಹಾಕಿರಿ.

ಇದಕ್ಕಿಂತಲೂ ದೊಡ್ಡ ಉಳಿತಾಯ ಒಗ್ಗಟ್ಟಿನಲ್ಲಿದೆ. ಹತ್ತು ಯಂತ್ರಗಳು ಒಂದೇ ತಿದ್ದುಪಡಿಯನ್ನು ಹತ್ತು ಸಲ ಇಳಿಸುವುದು ದುಂದು. ಒಂದು ಕಂಪ್ಯೂಟರಿನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ತಂತ್ರಾಂಶವಿದ್ದರೆ, ಮೊದಲನೆಯವನಿಗೆಂದು ಬಂದುದನ್ನು ಅದು ಕಾದಿಟ್ಟುಕೊಂಡು ಉಳಿದವರಿಗೆ ಕೊಡುತ್ತದೆ. ಅಸಲಿ ಸರಕು ಹೌದೋ ಅಲ್ಲವೋ ಎಂಬುದನ್ನು ಪ್ರತಿಯೊಂದು ಯಂತ್ರವೂ ಸಹಿಯಿರುವ ಪಟ್ಟಿಯೊಡನೆ ತಾಳೆ ನೋಡುತ್ತದೆ. ಆದರೆ ಇದಕ್ಕೆ ಎಲ್ಲರೂ ಒಂದೇ ಬಗೆಯ, ಒಂದೇ ಆವೃತ್ತಿಯ ಲಿನಕ್ಸನ್ನು ಹಾಕಿರಬೇಕು. ಒಬ್ಬೊಬ್ಬರು ಒಂದೊಂದು ಆರಿಸಿದರೆ ಹಂಚಿಕೊಳ್ಳಲು ಏನೂ ಉಳಿಯದು.

ಆದುದರಿಂದ ಪ್ರತಿ ಖೋಲಿಯವರೂ, ಪ್ರತಿ ಚಾಳಿನವರೂ ಕೂಡಿ ಕುಳಿತು ಒಂದನ್ನೇ ಗೊತ್ತುಮಾಡಿರಿ. ಓದಿದ ಹುಡುಗ ಹುಡುಗಿಯರಲ್ಲಿ ಇಬ್ಬರಿಗೆ ಆ ಕೆಲಸ ಒಪ್ಪಿಸಿರಿ. ಒಂದು ಪೆನ್‌ಡ್ರೈವು ಎಲ್ಲರದೂ ಆಗಿರಲಿ. ಬುತ್ತಿಯನ್ನೂ ಬಾಡಿಗೆಯನ್ನೂ ಹಂಚಿಕೊಂಡು ಬದುಕಿದ ನಮಗೆ ಇದೇನು ಹೊಸ ಪಾಠವಲ್ಲ.