ಮಕ್ಕಳ ಪುಸ್ತಕದಾಗ ಮನೀ ಸಂಕಟ ಇರಬಾರದೇನ?

“ಹುಡುಗ್ರು ಓದೂ ಪುಸ್ತಕದಾಗ ಅಳೂದು, ಅಪ್ಪ-ಅವ್ವ ಬ್ಯಾರೆ ಆಗೂದು ಇದೆಲ್ಲಾ ಯಾಕ ಬೇಕ್ರೀ?” ಅಂತ ನಮ್ಮ ಓಣ್ಯಾಗ ಭಾಳ ಮಂದಿ ಕೇಳ್ತಾರ. ಬೇಕ್ರೀ ವೈನಿ, ಬೇಕೇ ಬೇಕು.

ಅಮೆರಿಕಾದ ಬೆವರ್ಲಿ ಕ್ಲಿಯರಿ ಅವರು 1983ರಾಗ ‘ಡಿಯರ್ ಮಿಸ್ಟರ್ ಹೆನ್‌ಶಾ’ ಅಂತ ಸಣ್ಣ ಕಾದಂಬರಿ ಬರದ್ರು. 1984ರಾಗ ಅದಕ್ಕ ನ್ಯೂಬೆರಿ ಪದಕ ಬಂತು. ಅದರಾಗಿನ ಹುಡುಗ ಲೀ, ಅವ್ವನ ಕೂಡ ಇರ್ತಾನ. ಲಾರಿ ಹೊಡಿಯೂ ಅಪ್ಪ ಫೋನ್ ಮಾಡ್ತೀನಿ ಅಂತಾನ, ಮಾಡಂಗಿಲ್ಲ. ಸಾಲ್ಯಾಗ ಇವನ ಬುತ್ತಿಯೊಳಗಿನ ಛಲೋ ತಿನಿಸು ಯಾರೋ ಕದೀತಾರ. ಹುಡುಗ ತಾನ ಡಬ್ಬಿಗೆ ಗಂಟಿ ಬಡಿಯೂ ಹಂಗ ತಂತಿ ಜೋಡಸ್ತಾನ. ಕಡೀಕ ಅಪ್ಪ ಬಂದು ಮತ್ತ ಕೂಡಿರೂಣು ಅಂದ್ರ ಅವ್ವ ಒಪ್ಪಂಗಿಲ್ಲ.

ನನಗ ಈ ಕಡೀ ಮಾತೇ ಸೇರಿದ್ದು. ಎಲ್ಲಾರೂ ಕೂಡಿದ್ರು, ಸುಖಾ ಆತು ಅಂತ ಸುಳ್ಳ ಬರದಿಲ್ಲ. ಡಬ್ಬಿ ಕಳ್ಳತನಕ್ಕ ಉಪಾಯ ಸಿಗತದ, ಅಪ್ಪ-ಅವ್ವನ ಮುರಕೊಂಡ ಸಂಸಾರಕ್ಕ ಹುಡುಗನ ಕೈಯಾಗ ಉಪಾಯ ಇಲ್ಲ. ಅದು ಅವನ ಕೆಲಸಾನೂ ಅಲ್ಲ.

ನಾವು ಏನ್ ಮಾಡ್ತೀವಿ? ಅಡಿಗಿಮನ್ಯಾಗ ಪಿಸುಪಿಸು ಮಾತಾಡಿ, ಹುಡುಗ ಬಂದ್ರ “ಹೋಗು, ಆಟಾ ಆಡು” ಅಂತೀವಿ. ಅದು ಬಾಗಲ ಹಿಂದ ನಿಂತು ಅರ್ಧ ಕೇಳ್ತದ. ಉಳದ ಅರ್ಧಕ್ಕ “ನನ್ನಿಂದನ ಆತೇನೋ” ಅಂತ ತಾನ ಕೂಡಿಸ್ಕೊಂತದ.

ಎಲ್ಲಾ ಪುಸ್ತಕಾ ಎಲ್ಲಾ ವಯಸ್ಸಿಗೆ ಒಗ್ಗಂಗಿಲ್ಲ, ಖರೆ. ಮೊದಲ ನೀವು ಓದ್ರಿ, ಆಮ್ಯಾಲೆ ಕೊಡ್ರಿ. ಕೊಟ್ಟ ಮ್ಯಾಲೆ “ಏನ್ ಕಲತಿ?” ಅಂತ ಮಾತ್ರ ಕೇಳಬ್ಯಾಡ್ರಿ. ಕೂಸು ತಾನ ಏನರ ಕೇಳಿದ ದಿನಾ ಒಲಿ ಆರಿಸಿ, ಬಾಜೂಕ ಕುಂತು, ಖರೇನ ಹೇಳ್ರಿ.