ಚಕ್ರದೊಳಗಿನ ಪುಟ್ಟ ಬ್ಯಾಟರಿ

ಮನೆಮಂದಿಯನ್ನು ಕೂರಿಸಿಕೊಂಡು ಯೆರವಡಾದಿಂದ ಊರಿಗೆ ಹೊರಟರೆ ಖಂಬಾಟಕಿ ಘಾಟು ದಾಟಬೇಕು. ಅಂಥ ದಾರಿಯಲ್ಲಿ ಟೈರಿನ ಗಾಳಿ ಸಣ್ಣ ವಿಷಯವಲ್ಲ. ಈಚೆಗೆ ನನ್ನ ಕಾರಿನ ಟೈರ್ ದೀಪ ಹೊತ್ತಿಕೊಂಡಿತು. ನೋಡಿದರೆ ನಾಲ್ಕರಲ್ಲೂ ಗಾಳಿ ಸರಿಯಿತ್ತು.

ಕಾರು ಚಾಲೂ ಮಾಡಿದಾಗ ದೀಪ ಒಂದು ನಿಮಿಷ ಮಿಣುಕಿ ಆಮೇಲೆ ಹೊತ್ತಿಯೇ ಇದ್ದರೆ, ಬಹುತೇಕ ಕಾರುಗಳಲ್ಲಿ ದೋಷ ಸೆನ್ಸರಿನದು. ಮಿಣುಕದೆ ಹೊತ್ತಿದರೆ ಗಾಳಿ ಕಡಿಮೆಯೆಂದು ಅರ್ಥ. ಸೆನ್ಸರ್ ಇರುವುದು ಟೈರಿನೊಳಗೆ, ವಾಲ್ವಿನ ಬುಡದಲ್ಲಿ. ಅದರ ಬ್ಯಾಟರಿ ಸೀಲ್ ಆಗಿರುತ್ತದೆ. ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ.

ಸರ್ವಿಸ್ ಸೆಂಟರಿನವರು ನಾಲ್ಕನ್ನೂ ಬದಲಿಸಿ ಎಂದರು. ನಾನು ಟೈರ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಸತ್ತಿದ್ದು ಒಂದೇ! ಪ್ರೋಗ್ರಾಮ್ ಮಾಡಬಲ್ಲ ಹೊಸ ಸೆನ್ಸರಿಗೆ, ಹಳೆಯದರ ಮೈಮೇಲೆ ಅಚ್ಚಾಗಿದ್ದ ಐಡಿಯನ್ನೇ ತುಂಬಿದರು. ಕಾರು ಅದನ್ನು ಹಳೆಯದೆಂದೇ ಒಪ್ಪಿಕೊಂಡಿತು.

ನೀವು ಕೊಳ್ಳುವ ಮೊದಲು ಮೂರು ಮಾತು. 315 ಮತ್ತು 433 ಮೆಗಾಹರ್ಟ್ಸ್ ಎರಡೂ ಬಗೆಯವು ಸಿಗುತ್ತವೆ. ಒಂದರ ಬದಲು ಇನ್ನೊಂದು ನಡೆಯದು. ಟೈರ್ ಸವೆದಿದ್ದರೆ ಅದನ್ನು ಬದಲಿಸುವಾಗಲೇ ಸೆನ್ಸರ್ ಹಾಕಿಸಿ, ಬಿಚ್ಚುವ ಕೂಲಿ ಉಳಿಯುತ್ತದೆ. ಕೆಲವು ಕಾರುಗಳಲ್ಲಿ ಟೈರಿನೊಳಗೆ ಸೆನ್ಸರೇ ಇಲ್ಲ. ಎಬಿಎಸ್ ಚಕ್ರದ ವೇಗ ನೋಡಿಯೇ ಗಾಳಿಯನ್ನು ಅಂದಾಜಿಸುತ್ತದೆ. ಅಲ್ಲಿ ಗಾಳಿ ತುಂಬಿ ರೀಸೆಟ್ ಮಾಡಿದರೆ ಸಾಕಾಗಬಹುದು.

ಸೆನ್ಸರ್ ಸರಿಯಿದ್ದರೂ ಗಾಳಿ ಸುಮಾರು ಕಾಲುಭಾಗ ಇಳಿಯುವವರೆಗೆ ಹಲವು ಕಾರುಗಳ ದೀಪ ಸುಮ್ಮನಿರುತ್ತದೆ. ಹಾಗಾಗಿ ಘಾಟಿಗೆ ಹೊರಡುವ ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಕೈಗೇಜ್ ಹಿಡಿದು ಒಮ್ಮೆ ನೋಡಿಬಿಡಿ.