ಎರಡು ಜೀವದ ಊಟ

ಬಸುರಿಯ ತಟ್ಟೆಗೆ ಬಡಿಸುವ ಕೈಗಳು ಅನೇಕ. ಬಡಿಸುವವರ ಮತಗಳೂ ಅನೇಕ. "ಎರಡು ಜೀವದವಳು, ಇಬ್ಬರ ಊಟ ಮಾಡಬೇಕು" ಎಂದು ಒಂದು ಮನೆಯಲ್ಲಿ ತುಪ್ಪ ಸುರಿಯುತ್ತಾರೆ. "ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತು" ಎಂದು ಇನ್ನೊಂದು ಮನೆಯಲ್ಲಿ ಅರ್ಧ ತಟ್ಟೆಗೇ ಕೈ ತಡೆಯುತ್ತಾರೆ. ಎರಡು ಮಾತೂ ವಾತ್ಸಲ್ಯದಿಂದಲೇ ಹುಟ್ಟಿದವು, ಎರಡರಿಂದಲೂ ಕೇಡುಂಟು.

ಎರಡನೆಯ ನಂಬಿಕೆಗೆ ನಮ್ಮ ನುಡಿಯಲ್ಲೇ ಒಂದು ಸುಳಿವಿರುವಂತೆ ತೋರುತ್ತದೆ. ಹಳಗನ್ನಡದಲ್ಲಿ 'ಬಸಿರ್' ಎಂದರೆ ಹೊಟ್ಟೆ. ಅನ್ನ ಸೇರುವುದೂ ಹೊಟ್ಟೆಗೆ, ಮಗು ಬೆಳೆಯುವುದೂ ಹೊಟ್ಟೆಯಲ್ಲಿ ಎಂದೇ ನಾವು ಇಂದಿಗೂ ಆಡುತ್ತೇವೆ. ಅನ್ನವೂ ಕೂಸೂ ಒಂದೇ ಮನೆಯಲ್ಲಿದ್ದರೆ ಸ್ಥಳ ಸಾಲದೆಂಬ ಶಂಕೆ ಹುಟ್ಟುವುದು ಸಹಜವಷ್ಟೆ. ದಕ್ಷಿಣ ಕನ್ನಡದಲ್ಲಿ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಂಪತಿಗಳು 1983ರ ತಮ್ಮ ಪ್ರಬಂಧದಲ್ಲಿ ಇಂಥ ನಂಬಿಕೆಯನ್ನೇ ವಿವರಿಸಿದ್ದಾರೆ. ವಾಸ್ತವದಲ್ಲಿ ಜಠರ ಬೇರೆ, ಗರ್ಭಕೋಶ ಬೇರೆ. ತಾಯಿ ಉಂಡ ಅನ್ನದ ಸಾರ ರಕ್ತದಲ್ಲಿ ಬೆರೆತು, ಮಾಸಿನ ಮೂಲಕ ಕೂಸನ್ನು ಮುಟ್ಟುತ್ತದೆ.

ಹುಟ್ಟುವ ಮಗುವಿನ ತೂಕ ಮೂರು ಕಿಲೋ. ತಾಯಿಯ ತೂಕ ಹತ್ತು ಹನ್ನೆರಡು ಕಿಲೋ ಏರುವುದೇಕೆ ಎಂದು ಕೇಳುವವರುಂಟು. ಮಾಸು ಅರ್ಧ ಕಿಲೋವಿಗೂ ಮಿಗಿಲು. ಕೂಸನ್ನು ಸುತ್ತಿದ ನೀರು ಸುಮಾರು ಒಂದು ಕಿಲೋ. ಹಿಗ್ಗಿದ ಗರ್ಭಕೋಶವೂ ಅಷ್ಟೆ. ಹೆಚ್ಚಿದ ರಕ್ತ ಒಂದೂಕಾಲು ಕಿಲೋ. ಇವಲ್ಲದೆ ಸ್ತನಗಳ ಬೆಳವಣಿಗೆ, ಮೈಯಲ್ಲಿ ನಿಂತ ನೀರು, ಮುಂದೆ ಹಾಲೂಡಿಸುವ ದಿನಗಳಿಗಾಗಿ ಕೂಡಿಟ್ಟ ಕೊಬ್ಬು.

ಏರಿಕೆ ಎಲ್ಲರಿಗೂ ಒಂದೇ ಸಮನಲ್ಲ. ಬಸುರಾಗುವ ಮೊದಲಿನ ಮೈಕಟ್ಟನ್ನು ಅದು ಅವಲಂಬಿಸಿದೆ. ಐದು ಅಡಿ ಎತ್ತರದವಳಿಗೆ 43ರಿಂದ 58 ಕಿಲೋ ಹದವಾದ ತೂಕ. ಅಂಥವಳು 11.5ರಿಂದ 16 ಕಿಲೋ ಏರಬಹುದೆಂದು ಅಮೆರಿಕದ ವೈದ್ಯಕೀಯ ಸಂಸ್ಥೆ 2009ರಲ್ಲಿ ಸೂಚಿಸಿತು. ನಮ್ಮ ನಾಡಿನಲ್ಲಿ 10ರಿಂದ 12 ಕಿಲೋ ಎಂಬ ಲೆಕ್ಕ ರೂಢಿಯಲ್ಲಿದೆ. ತೀರ ಬಡಕಲಾದವಳು ಇನ್ನೂ ಹೆಚ್ಚು ಏರಬೇಕು. ಸ್ಥೂಲಕಾಯಳಿಗೆ 5ರಿಂದ 9 ಕಿಲೋ ಸಾಕು. ಅವಳಿ ಮಕ್ಕಳಿದ್ದರೆ ಲೆಕ್ಕವೇ ಬೇರೆ.

ಹಾಗಾದರೆ ಇಬ್ಬರ ಊಟ ಬೇಡವೆ? ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಗರ್ಭಿಣಿಗೆ ವಿಧಿಸಿರುವುದು ದಿನಕ್ಕೆ 350 ಕ್ಯಾಲೊರಿ ಹೆಚ್ಚು ಆಹಾರ. ಹೆಚ್ಚುಕಡಿಮೆ ಒಂದು ರಾಗಿ ರೊಟ್ಟಿ, ಒಂದು ಬಟ್ಟಲು ಬೇಳೆಯ ಹುಳಿ, ಒಂದು ಲೋಟ ಹಾಲು, ಅಷ್ಟೆ. ಮೊದಲ ಮೂರು ತಿಂಗಳಲ್ಲಿ ವಾಂತಿ, ಓಕರಿಕೆಗಳ ದೆಸೆಯಿಂದ ತೂಕ ಏರದಿದ್ದರೂ ಸಾಮಾನ್ಯವಾಗಿ ಗಾಬರಿಯಿಲ್ಲ. ಬಳಿಕ ವಾರಕ್ಕೆ ಮುನ್ನೂರು ನಾನೂರು ಗ್ರಾಂ ಏರುತ್ತಿದ್ದರೆ ಹದ.

ಏರಿಕೆ ಸಾಲದಿದ್ದರೆ ಮಗು ಎರಡೂವರೆ ಕಿಲೋವಿಗೂ ಕಡಿಮೆಯಾಗಿ ಹುಟ್ಟುವ, ದಿನ ತುಂಬುವ ಮೊದಲೇ ಹುಟ್ಟುವ ಭಯವುಂಟು. ಮಿತಿಮೀರಿದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಶಸ್ತ್ರಕ್ರಿಯೆಯ ಹೆರಿಗೆಗಳ ಸಂಭವ ಹೆಚ್ಚು. ನಾಲ್ಕಾರು ದಿನಗಳಲ್ಲೇ ತೂಕ ಥಟ್ಟನೆ ಏರಿ, ಮುಖ ಕೈಗಳು ಬಾತು, ತಲೆನೋವು ಬಂದು, ಕಣ್ಣು ಮಂಜಾದರೆ ಅದನ್ನು ಪುಷ್ಟಿಯೆಂದು ಭ್ರಮಿಸಲಾಗದು. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಇನ್ನು, ದಪ್ಪನಾದೆನೆಂದು ಬಸುರಿನಲ್ಲಿ ಉಪವಾಸ ಮಾಡಿ ಕರಗುವ ಸಾಹಸ ಸರ್ವಥಾ ಸಲ್ಲದು.

ಅತ್ತೆಯವರೂ ಪತಿರಾಯರೂ ಗಮನಿಸಬೇಕಾದ ಮಾತೊಂದಿದೆ. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಸೀಮಂತದ ದಿನ ಹಸಿರು ಬಳೆ ತೊಡಿಸಿ, ಐದು ಬಗೆಯ ಅನ್ನ ಬಡಿಸಿ, ಮರುದಿನ ಪಾತ್ರೆಯ ತಳದ ಅನ್ನಕ್ಕೆ ಅವಳನ್ನು ಬಿಡುವುದು ಯಾವ ಶಾಸ್ತ್ರ? ತಿಂಗಳಿಗೊಮ್ಮೆ ಅವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ತಾಯಿ ಕಾರ್ಡಿನಲ್ಲಿ ತೂಕ ಬರೆಸಿರಿ. ದಿನವೂ ಅವಳಿಗೆ ಮೊದಲು ಬಡಿಸಿರಿ. ಉಳಿದವರು ಆಮೇಲೆ ಕೂತರಾಯಿತು.